ಮನೆಗೂ ಬಾಡಿಗೆ, ಗಾಡಿಗೂ ಬಾಡಿಗೆ

“ಎಲ್ಲಾ ಸೇರಿ ನಾಲ್ಕು ಸಾವಿರದ ಮುನ್ನೂರು ಆಯ್ತು ಅಕ್ಕ” ಎಂದು ಗಾಡಿಯವರು ಹೇಳಿದಾಗ ಅಮ್ಮ ನನ್ನ ಮುಖ ನೋಡಿದಳು. ಫೋನಿನಲ್ಲಿ ಮಾತಾಗಿದ್ದು ಮೂರು ಸಾವಿರ. ಸಾಮಾನು ಏರಿಸಿ ಇಳಿಸಿದ ಇಬ್ಬರು ಹುಡುಗರಿಗೆ ತಲಾ ನಾನೂರು, ಮೊದಲ ಮಹಡಿಗೆ ಹೊತ್ತಿದ್ದಕ್ಕೆ ಮುನ್ನೂರು, ಕಾದಿದ್ದಕ್ಕೆ ಇನ್ನೂರು. ಅಮ್ಮ ಸೆರಗಿನ ಗಂಟು ಬಿಚ್ಚಿ ಎಣಿಸಿದಳು. ಐನೂರು ಕಡಿಮೆ ಬಿತ್ತು. ಉಳಿದದ್ದನ್ನು ನಾನು ಫೋನಿನಲ್ಲೇ ಕಳಿಸಿದೆ. ಅದು ನಾನು ಪರೀಕ್ಷೆಯ ಅರ್ಜಿ ಶುಲ್ಕಕ್ಕೆಂದು ಇಟ್ಟುಕೊಂಡಿದ್ದ ಹಣ.

ಅಮ್ಮ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ಕೈಗೆ ಬರುವುದು ತಿಂಗಳಿಗೆ ಹನ್ನೊಂದು ಸಾವಿರದ ಆಸುಪಾಸು. ಇಪ್ಪತ್ತಾರು ದಿನದ ಲೆಕ್ಕ ಹಿಡಿದರೆ ದಿನಕ್ಕೆ ಸುಮಾರು 420 ರೂಪಾಯಿ. ಅಂದರೆ ಭದ್ರಾವತಿಯ ಜನ್ನಾಪುರದಿಂದ ಮಾಚೇನಹಳ್ಳಿಗೆ, ಹತ್ತು ಕಿಲೋಮೀಟರ್ ಆಸುಪಾಸಿನ ದಾರಿಗೆ, ನಮ್ಮ ಮಂಚ, ಬೀರು, ಗ್ರೈಂಡರ್ ಸಾಗಿಸಲು ಅಮ್ಮನ ಹತ್ತು ದಿನದ ದುಡಿಮೆ ಹೋಯಿತು. ಆರು ವರ್ಷದಲ್ಲಿ ಇದು ನಮ್ಮ ಮೂರನೇ ಮನೆ.

ಮಾಚೇನಹಳ್ಳಿ ಗೊತ್ತಿಲ್ಲದವರಿಗೆ ಒಂದು ಮಾತು. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ, ಹೆದ್ದಾರಿಯ ಮೇಲೇ ಇರುವ ಊರು. ಹಾಲು ಒಕ್ಕೂಟದ ಡೇರಿ, ಕೆಎಸ್‌ಆರ್‌ಪಿ ಎಂಟನೇ ಪಡೆ, ಗಾರ್ಮೆಂಟ್ಸ್, ಸಣ್ಣಪುಟ್ಟ ಕಾರ್ಖಾನೆಗಳು ಇಲ್ಲಿವೆ. ಹತ್ತಿರದ ಸೋಗಾನೆಯಲ್ಲಿ 2023ರ ಫೆಬ್ರುವರಿಯಲ್ಲಿ ವಿಮಾನ ನಿಲ್ದಾಣವೂ ಬಂತು. ಎರಡೂ ಊರಿನಿಂದ ಜನ ಕೆಲಸಕ್ಕಾಗಿ ಇಲ್ಲಿಗೆ ಬರುತ್ತಾರೆ. ಪಾಳಿಯ ಸಮಯಕ್ಕೆ ಬಸ್ಸು ಸಿಗದೆ ಸುಸ್ತಾದವರು, ನಮ್ಮ ಹಾಗೆ, ಇಲ್ಲೇ ಮನೆ ಹುಡುಕುತ್ತಾರೆ. ಹಾಗಾಗಿ ತಿಂಗಳ ಕೊನೆಯ ಭಾನುವಾರ ಹೆದ್ದಾರಿ ಪಕ್ಕ ನಿಂತರೆ ತಲೆಕೆಳಗಾದ ಕುರ್ಚಿ, ಸುತ್ತಿದ ಹಾಸಿಗೆ, ತುಳಸಿ ಕುಂಡ ಹೊತ್ತ ಗಾಡಿಗಳು ಒಂದರ ಹಿಂದೆ ಒಂದು ಹೋಗುವುದು ಕಾಣಿಸುತ್ತದೆ.

ಆ ದಿನ ನನಗೆ ಸಿಟ್ಟು ಬಂದಿತ್ತು. ಬಿ.ಕಾಂ. ಓದಿದವಳು ನಾನು. ಹತ್ತು ಕಿಲೋಮೀಟರಿಗೆ ಇಷ್ಟು ಹೇಗಾಗುತ್ತದೆ ಎಂದು ಗಾಡಿಯವರನ್ನೇ ಕೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಅಮ್ಮ ಕೊಟ್ಟ ಚಹಾ ಹಿಡಿದು ಕಟ್ಟೆಯ ಮೇಲೆ ಕೂತು, “ಲೆಕ್ಕ ಬರುತ್ತಲ್ಲ ನಿಮಗೆ, ಬರ್ಕೊಳಿ ತಂಗಿ” ಎಂದರು. ಬರೆದುಕೊಂಡೆ. ಆಮೇಲೆ ಬೇರೆ ಇಬ್ಬರು ಚಾಲಕರನ್ನೂ ವಿಚಾರಿಸಿದೆ. ಈ ಲೇಖನ ಆ ಲೆಕ್ಕದ್ದು.

ಡೀಸೆಲ್ ಎಷ್ಟು?

ಬಾಡಿಗೆ ಯಾಕೆ ಜಾಸ್ತಿ ಎಂದು ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಡೀಸೆಲ್. ಅದರಲ್ಲಿ ಸುಳ್ಳೇನೂ ಇಲ್ಲ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆ ಹೆಚ್ಚಿಸಿದಾಗ ಲೀಟರಿಗೆ ಸುಮಾರು ಮೂರೂವರೆ ರೂಪಾಯಿ ಏರಿತು. 2025ರ ಏಪ್ರಿಲ್ 1ರಂದು ತೆರಿಗೆ ಶೇ 21.17ಕ್ಕೆ ಹೋದಾಗ ಇನ್ನೆರಡು ರೂಪಾಯಿ ಸೇರಿತು. ಬೆಂಗಳೂರಿನಲ್ಲಿ ದರ 91 ರೂಪಾಯಿ ಮುಟ್ಟಿತು. ಆ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದ್ದು ನೆನಪಿರಬಹುದು.

ಆದರೆ ನಮ್ಮ ಮನೆ ಸಾಮಾನಿನ ಲೆಕ್ಕಕ್ಕೆ ಬನ್ನಿ. ಸ್ಟ್ಯಾಂಡಿನಿಂದ ನಮ್ಮ ಹಳೇ ಮನೆಗೆ, ಅಲ್ಲಿಂದ ಮಾಚೇನಹಳ್ಳಿಗೆ, ಮತ್ತೆ ವಾಪಸ್ ಸ್ಟ್ಯಾಂಡಿಗೆ ಸೇರಿ ಗಾಡಿ ಓಡಿದ್ದು 25 ಕಿಲೋಮೀಟರ್. ಲೋಡು ಇದ್ದಾಗ, ಇಲ್ಲದಾಗ ಎಲ್ಲ ಸೇರಿಸಿ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಹಿಡಿಯೋಣ. ಖರ್ಚಾದ ಡೀಸೆಲ್ 1.8 ಲೀಟರ್. 91ರಂತೆ 164 ರೂಪಾಯಿ. ಮೂರು ಸಾವಿರದ ಬಾಡಿಗೆಯಲ್ಲಿ ಇದು ನೂರಕ್ಕೆ ಆರು ಪಾಲೂ ಆಗಲಿಲ್ಲ. ಎರಡು ಸಲದ ತೆರಿಗೆ ಏರಿಕೆಯಿಂದ ನಮ್ಮ ಟ್ರಿಪ್ಪಿಗೆ ಬಿದ್ದ ಹೆಚ್ಚುವರಿ ಹೊರೆ ಬರೀ ಹತ್ತು ರೂಪಾಯಿ!

ದೂರದ ಬಾಡಿಗೆಯ ಮಾತು ಬೇರೆ. ಇಲ್ಲಿಂದ ಬೆಂಗಳೂರಿಗೆ ಹೋಗಿ ಖಾಲಿ ಬರುವ ಗಾಡಿ ಆರುನೂರು ಕಿಲೋಮೀಟರ್ ಹತ್ತಿರ ಓಡುತ್ತದೆ. ನಲವತ್ತು ಲೀಟರಿಗಿಂತ ಹೆಚ್ಚು ಡೀಸೆಲ್, ಮೂರೂವರೆ ಸಾವಿರದ ಮೇಲೆ ಖರ್ಚು, ಜೊತೆಗೆ ಟೋಲ್. ಅಲ್ಲಿ ಡೀಸೆಲ್ ದರ ನಿಜಕ್ಕೂ ತಟ್ಟುತ್ತದೆ. ಆದರೆ ಊರೊಳಗೆ, ಅಕ್ಕಪಕ್ಕದ ಊರಿಗೆ ಮನೆ ಬದಲಿಸುವವರಿಗೆ ಡೀಸೆಲ್ ಎನ್ನುವುದು ಅರ್ಧ ಉತ್ತರವೂ ಅಲ್ಲ. ಹಾಗಾದರೆ ಉಳಿದ 2,836 ರೂಪಾಯಿ ಎಲ್ಲಿ ಹೋಯಿತು?

ನಿಂತ ಗಾಡಿಗೂ ಕಂತು ತಪ್ಪದು

ಗಾಡಿಯವರು ಟಾಟಾ ಏಸ್ ತೆಗೆದುಕೊಳ್ಳಲು ಮಾಡಿದ ಸಾಲ ನಾಲ್ಕೂವರೆ ಲಕ್ಷ. ಶೇ 12ರ ಬಡ್ಡಿ, ನಾಲ್ಕು ವರ್ಷ. ತಿಂಗಳ ಕಂತು ಹತ್ತಿರ ಹತ್ತಿರ 12 ಸಾವಿರ. ವಿಮೆ ಇನ್ನೊಂದು. ಏಳೂವರೆ ಟನ್ನಿನ ಒಳಗಿನ ಸರಕು ವಾಹನಕ್ಕೆ 2022ರ ದರಪಟ್ಟಿಯಂತೆ ಥರ್ಡ್ ಪಾರ್ಟಿ ವಿಮೆಯ ಕಂತೇ ವರ್ಷಕ್ಕೆ 16,049 ರೂಪಾಯಿ. ಗಾಡಿಗೆ ಹಾನಿಯಾದರೆ ಸಿಗುವ ವಿಮೆ ಸೇರಿಸಿದರೆ ಅವರಿಗೆ ವರ್ಷಕ್ಕೆ ಮೂವತ್ತು ಸಾವಿರ, ಅಂದರೆ ತಿಂಗಳಿಗೆ ಎರಡೂವರೆ ಸಾವಿರ. ಟಯರ್, ಸರ್ವೀಸ್, ಎಫ್‌ಸಿ ಎಂದು ತಿಂಗಳಿಗೆ ಇನ್ನೊಂದು ಎರಡೂವರೆ ಸಾವಿರ ತೆಗೆದಿಡಬೇಕು. ಗಾಡಿ ಒಂದು ಅಡಿ ಮುಂದೆ ಹೋಗದಿದ್ದರೂ ತಿಂಗಳಿಗೆ 17 ಸಾವಿರ ಹೋಗಿಯೇ ಹೋಗುತ್ತದೆ. ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇರುವ ಮನೆಗೆ 18 ಸಾವಿರ ಬೇಕು. ಒಟ್ಟು 35 ಸಾವಿರ.

ಇದು ಬರುವುದು ಹೇಗೆ? ಒಂದು ಫ್ರಿಜ್ಜು, ನಾಲ್ಕು ಮೂಟೆ ಸಿಮೆಂಟು, ಅಂಗಡಿ ಸಾಮಾನು ಎಂಬ ಚಿಲ್ಲರೆ ಬಾಡಿಗೆಗಳಿಂದ ಡೀಸೆಲ್ ಕಳೆದು ತಿಂಗಳಿಗೆ ಒಂಬತ್ತು ಸಾವಿರ ಉಳಿಯುತ್ತದೆ ಎಂದರು. ಉಳಿದ 26 ಸಾವಿರವನ್ನು ಮನೆ ಶಿಫ್ಟ್ ಮಾಡುವ ದೊಡ್ಡ ಬಾಡಿಗೆಗಳೇ ತುಂಬಬೇಕು. ವರ್ಷದ ಸರಾಸರಿ ತೆಗೆದರೆ ಅಂಥದ್ದು ತಿಂಗಳಿಗೆ ಎಂಟು ಸಿಗುತ್ತವೆ. 26 ಸಾವಿರವನ್ನು ಎಂಟರಿಂದ ಭಾಗಿಸಿ. ಒಂದಕ್ಕೆ 3,250 ರೂಪಾಯಿ, ಡೀಸೆಲ್ ಬಿಟ್ಟು. ನಮ್ಮ ಹತ್ತಿರ ಅವರು ತೆಗೆದುಕೊಂಡ ಗಾಡಿ ಬಾಡಿಗೆ ಮೂರು ಸಾವಿರ. ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಇದೇ ಲೆಕ್ಕವನ್ನು ಇನ್ನೊಂದು ರೀತಿ ನೋಡಿ. ಎಂಟರ ಬದಲು ಹದಿನಾರು ಬಾಡಿಗೆ ಸಿಕ್ಕಿದ್ದರೆ ಒಂದಕ್ಕೆ 1,625 ರೂಪಾಯಿ ಸಾಕಿತ್ತು. ಅಂದರೆ ನಾವು ಕೊಡುವ ಬಾಡಿಗೆಯಲ್ಲಿ ದೊಡ್ಡ ಪಾಲು ಗಾಡಿ ಓಡಿದ್ದಕ್ಕಲ್ಲ, ಉಳಿದ ದಿನ ಓಡದೆ ನಿಂತದ್ದಕ್ಕೆ. ಪದವಿ ಮುಗಿಸಿ ಒಂದೂವರೆ ವರ್ಷದಿಂದ ಮನೆಯಲ್ಲಿ ಕೂತು ಓದುತ್ತಿರುವ ನನಗೆ ಈ ಲೆಕ್ಕ ಬಹಳ ಬೇಗ ಅರ್ಥವಾಯಿತು. ಖಾಲಿ ನಿಂತದ್ದಕ್ಕೂ ಖರ್ಚಿದೆ. ಅದನ್ನು ಯಾರೋ ಒಬ್ಬರು ಭರಿಸುತ್ತಿರುತ್ತಾರೆ, ಅಷ್ಟೆ.

ಎಲ್ಲರಿಗೂ ಅದೇ ಭಾನುವಾರ ಬೇಕು

ಹಾಗಾದರೆ ಗಾಡಿ ಯಾಕೆ ನಿಲ್ಲುತ್ತದೆ? ಒಂದು ಕಾರಣ ನಾವೇ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಶುರುವಾಗುವುದು ಒಂದನೇ ತಾರೀಖಿನಿಂದ. ಒಂದು ದಿನ ಹೆಚ್ಚಾದರೂ ಹಳೇ ಮನೆಯವರು ಇಡೀ ತಿಂಗಳ ಬಾಡಿಗೆ ಕೇಳುತ್ತಾರೆಂಬ ಭಯ. ಆದ್ದರಿಂದ ಎಲ್ಲರೂ ತಿಂಗಳ ಕೊನೆಯ ಎರಡು ಮೂರು ದಿನದಲ್ಲೇ ಸಾಮಾನು ಕಟ್ಟುತ್ತಾರೆ. ಅದರಲ್ಲೂ ರಜೆ ಎಂದು ಭಾನುವಾರವೇ ಆಗಬೇಕು. ಮಂಗಳವಾರ ಬೇಡ, ಶನಿವಾರ ಬೇಡ, ಅಮಾವಾಸ್ಯೆ ಬೇಡ, ರಾಹುಕಾಲ ಬೇಡ. ಆಷಾಢದಲ್ಲಿ ಹಾಲುಕ್ಕಿಸುವ ಹಾಗಿಲ್ಲ. ಧನುರ್ಮಾಸದಲ್ಲೂ ಇಲ್ಲ. ಮಕ್ಕಳಿರುವ ಮನೆಯವರು ಶಾಲೆ ಶುರುವಾಗುವ ಮೊದಲು, ಮೇ ತಿಂಗಳಲ್ಲೇ ಮುಗಿಸುತ್ತಾರೆ.

ಇದನ್ನು ಗೇಲಿ ಮಾಡಲು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಅಜ್ಜಿ ಪಂಚಾಂಗ ನೋಡಿಯೇ ದಿನ ಹೇಳಿದ್ದು. ಆದರೆ ಅದರ ಬೆಲೆ ಎಷ್ಟು ಎಂಬುದು ಗೊತ್ತಿರಲಿ. ನಾನು ವಿಚಾರಿಸಿದ ಮೂವರೂ ಹೇಳಿದ್ದು ಒಂದೇ: ಮೇ ತಿಂಗಳ ಕೊನೆಯ ಭಾನುವಾರ ಹತ್ತು ಜನ ಫೋನ್ ಮಾಡುತ್ತಾರೆ, ಆಷಾಢದ ಬುಧವಾರ ಒಬ್ಬರೂ ಇಲ್ಲ. ನಮ್ಮ ಸಾಮಾನನ್ನೇ ಆಷಾಢದಲ್ಲಿ, ವಾರದ ಮಧ್ಯೆ ಸಾಗಿಸಿದ್ದರೆ ಎಷ್ಟಾಗುತ್ತಿತ್ತು ಎಂದು ಕೇಳಿದೆ. “1,800ಕ್ಕೆ ಬರ್ತಿದ್ದೆ” ಎಂದರು. ಒಂದು ಶುಭ ಭಾನುವಾರಕ್ಕೆ ನಾವು ಕೊಟ್ಟ ಬೆಲೆ 1,200 ರೂಪಾಯಿ.

ಗಾಡಿ ಹೆಚ್ಚಾಯಿತು, ಹೊರೆ ಕಡಿಮೆಯಾಯಿತು

ಎರಡನೇ ಕಾರಣ ದೊಡ್ಡದು, ಅದು ನಮ್ಮ ಊರಿನದ್ದು.

ಭದ್ರಾವತಿ ಕಾರ್ಖಾನೆಗಳಿಂದ ಬೆಳೆದ ಊರು. ಕಬ್ಬಿಣದ ಕಾರ್ಖಾನೆಯ ಕೆಲಸ 1918ರಲ್ಲಿ ಶುರುವಾಗಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎರಡೂ ಕಾರ್ಖಾನೆಗಳ ಸುತ್ತ ಸಾವಿರಾರು ಸಂಸಾರ, ಕ್ವಾರ್ಟರ್ಸ್, ಅಂಗಡಿ, ಲಾರಿ, ಗ್ಯಾರೇಜು. ಕಾಗದ ಕಾರ್ಖಾನೆಯ ಯಂತ್ರಗಳು ಸುಮಾರು ಹತ್ತು ವರ್ಷದ ಹಿಂದೆ ನಿಂತವು. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅದೇ ವರ್ಷ ಒಂದು ವಿಭಾಗದ ಕೆಲಸ ಮತ್ತೆ ಶುರುವಾಯಿತಾದರೂ ಊರಿನ ಭರವಸೆ ಪೂರ್ತಿ ಮರಳಲಿಲ್ಲ.

ಕಾರ್ಖಾನೆ ಸೊರಗಿದಾಗ ಊರಿನ ಯುವಕರ ಕಣ್ಣಿಗೆ ಬೀಳುವ ಸುಲಭದ ದಾರಿ ಒಂದು ಗಾಡಿ. ಟಾಟಾ ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಗಲ್ಲಿಗೆ ನುಗ್ಗುವಷ್ಟು ಚಿಕ್ಕದು, ಸಂಸಾರ ಹೊರುವಷ್ಟು ದೊಡ್ಡದು. ಅಲ್ಲಿಯವರೆಗೆ ಮನೆ ಬದಲಿಸಲು 407 ಅಥವಾ ಟ್ರ್ಯಾಕ್ಟರ್ ಹುಡುಕಬೇಕಿತ್ತು ಎಂದು ಅಪ್ಪ ಹೇಳುತ್ತಾನೆ. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೊ ಬೆಲೆ 3.99 ಲಕ್ಷದಿಂದ ಶುರುವಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಕಾನೂನಿನ ಬಾಗಿಲೂ ತೆರೆದೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಂ ಪ್ರಕಾರ ಹೊರೆ ಸೇರಿ ಒಟ್ಟು ತೂಕ ಮೂರು ಸಾವಿರ ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಕಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು ಏಳೂವರೆ ಟನ್ನಿನ ಒಳಗಿನ ಸಾರಿಗೆ ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ.

ಕೆಲಸ ಹುಡುಕುತ್ತಿರುವವರಿಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಬಾಗಿಲು ನಮಗೆ ತೆರೆದಿದ್ದರೆ ಎಲ್ಲರಿಗೂ ತೆರೆದಿದೆ. ಮೊದಲು ಐದು ಗಾಡಿ ನಿಲ್ಲುತ್ತಿದ್ದ ಸ್ಟ್ಯಾಂಡಿನಲ್ಲಿ ಈಗ ಹದಿನೈದು ನಿಲ್ಲುತ್ತವೆ ಎಂದರು ನಮ್ಮ ಗಾಡಿಯವರು. ಪೈಪೋಟಿ ಹೆಚ್ಚಿದರೆ ದರ ಇಳಿಯಬೇಕು ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಹಾಗಾಗುವುದಿಲ್ಲ. ತಿಂಗಳ ಕೊನೆಯ ಭಾನುವಾರ ಹದಿನೈದೂ ಗಾಡಿಗೆ ಕೆಲಸ ಇರುವುದರಿಂದ ಅಂದು ಯಾರೂ ಇಳಿಸಬೇಕಾಗಿಲ್ಲ. ಉಳಿದ ದಿನ ಇಳಿಸಿದರೂ ಕರೆಯುವವರಿಲ್ಲ. ಎಲ್ಲರ ಕಂತೂ ಆ ನಾಲ್ಕು ದಿನದ ಬಾಡಿಗೆಯಲ್ಲೇ ಬರಬೇಕು.

ಆದ್ದರಿಂದ ಗಾಡಿ ತೆಗೆದುಕೊಳ್ಳುವ ಯೋಚನೆ ಇರುವ ಗೆಳೆಯರಿಗೆ ನನ್ನ ಮಾತು ಇಷ್ಟೆ. ಷೋರೂಮಿನವರು ಕಂತು ಎಷ್ಟು ಎಂದು ಹೇಳುತ್ತಾರೆ. ತಿಂಗಳಿಗೆ ಎಷ್ಟು ಬಾಡಿಗೆ ಸಿಗುತ್ತದೆ ಎಂದು ಅವರು ಹೇಳುವುದಿಲ್ಲ. ಅದನ್ನು ಕೇಳಬೇಕಾದದ್ದು ಸ್ಟ್ಯಾಂಡಿನಲ್ಲಿ, ಅದೂ ಆಷಾಢದಲ್ಲಿ.

ಹೊರುವವರ ಲೆಕ್ಕ

ಆ ಎಂಟುನೂರು ರೂಪಾಯಿಯ ವಿಷಯ ಹೇಳಲೇಬೇಕು. ಸಾಮಾನು ಹೊರಲು ಬಂದ ಇಬ್ಬರಲ್ಲಿ ಒಬ್ಬನನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಬೀರು ಇಳಿಸುವಾಗ ನೆನಪಾಯಿತು, ನಮ್ಮದೇ ಕಾಲೇಜು, ನನಗಿಂತ ಎರಡು ವರ್ಷ ಚಿಕ್ಕವನು. ಅವನಿಗೂ ನನ್ನ ಗುರುತು ಸಿಕ್ಕಿತ್ತು ಅನ್ನಿಸುತ್ತದೆ, ಮುಖ ತಿರುಗಿಸಿಕೊಂಡೇ ಕೆಲಸ ಮಾಡಿದ. ಮೆಟ್ಟಿಲ ತಿರುವಿನಲ್ಲಿ ಬೀರು ಜಾರಿ ಅವನ ಬೆರಳು ಗೋಡೆಗೆ ಸಿಕ್ಕಿಕೊಂಡಿತು. ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಮತ್ತೆ ಹೊತ್ತ.

ನಾಲ್ಕು ಗಂಟೆಯ ಕೆಲಸಕ್ಕೆ ನಾನೂರು ಎಂದರೆ ಮೊದಲು ಜಾಸ್ತಿ ಅನ್ನಿಸಿತ್ತು. ಆದರೆ ಅವನಿಗೂ ತಿಂಗಳಲ್ಲಿ ಸಿಗುವುದು ಅದೇ ಏಳೆಂಟು ದಿನ. ಬೆರಳು ಮುರಿದಿದ್ದರೆ ಆಸ್ಪತ್ರೆ ಖರ್ಚು ಯಾರದು? ಗಾಡಿಯವರದಲ್ಲ, ನಮ್ಮದೂ ಅಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಹಮಾಲರು ಸೇರಿದಂತೆ ಅಸಂಘಟಿತ ಕಾರ್ಮಿಕರಿಗೆ ರಾಜ್ಯದಲ್ಲಿ ಸಾಮಾಜಿಕ ಭದ್ರತಾ ಮಂಡಳಿ ಇದೆ. ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ಅಪಘಾತ ಪರಿಹಾರ ಯೋಜನೆ ಇದೆ. ಅಂದು ನಮ್ಮ ಅಂಗಳದಲ್ಲಿ ನಿಂತಿದ್ದ ಮೂವರಲ್ಲಿ ಯಾರೂ ಯಾವುದಕ್ಕೂ ಹೆಸರು ನೋಂದಾಯಿಸಿರಲಿಲ್ಲ. ಹೀಗೊಂದು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಪರೀಕ್ಷೆಗೆಂದು ಇವನ್ನೆಲ್ಲ ಬಾಯಿಪಾಠ ಮಾಡಿದ್ದ ನಾನೂ ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ನಾನೂರನ್ನು ಮುನ್ನೂರು ಮಾಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಈ ಖರ್ಚು ಯಾರು ಹೊರಬೇಕು?

ಸರ್ಕಾರಿ ನೌಕರರಿಗೆ ವರ್ಗಾವಣೆಯಾದರೆ ನಿಯಮದ ಪ್ರಕಾರ ಸಾಮಾನು ಸಾಗಿಸಲು ಭತ್ಯೆ ಸಿಗುತ್ತದೆ. ದೊಡ್ಡ ಕಂಪನಿಗಳು ಮೇಲಿನ ಹುದ್ದೆಯವರಿಗೆ ಮನೆ ಬದಲಿಸುವ ಖರ್ಚು ಕೊಡುವುದುಂಟು. ಅಂದರೆ ಕೆಲಸಕ್ಕಾಗಿ ಮನೆ ಬದಲಿಸುವುದು ಕೆಲಸದ ಖರ್ಚು ಎಂಬುದನ್ನು ಎಲ್ಲರೂ ಒಪ್ಪಿದ್ದಾರೆ. ಅಮ್ಮನಂಥವರ ವಿಷಯ ಬಂದಾಗ ಮಾತ್ರ ಅದು ಸ್ವಂತ ಖರ್ಚಾಗಿಬಿಡುತ್ತದೆ. ತಿಂಗಳಿಗೆ ಲಕ್ಷ ದುಡಿಯುವವರಿಗೆ ಭತ್ಯೆ ಇದೆ, ಹನ್ನೊಂದು ಸಾವಿರ ದುಡಿಯುವವರಿಗೆ ಇಲ್ಲ. ಆದರೆ ಮತ್ತೆ ಮತ್ತೆ ಮನೆ ಬದಲಿಸಬೇಕಾಗಿ ಬರುವುದು ಇವರಿಗೇ. ಗುತ್ತಿಗೆ ಮುಗಿಯಿತು, ಪಾಳಿ ಬದಲಾಯಿತು, ಮನೆಯವರು ಐನೂರು ಏರಿಸಿದರು, ಹೀಗೆ ಕಾರಣಗಳಿಗೆ ಕೊನೆಯಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನ ಓಡಾಟಕ್ಕೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಅಮ್ಮ ಪುಕ್ಕಟೆ ಹೋಗಬಹುದು, ಅಮ್ಮನ ಒರಳುಕಲ್ಲು ಹೋಗುವ ಹಾಗಿಲ್ಲ ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ನಾವು ಆ ತಮಾಷೆಯನ್ನೇ ಉಪಯೋಗಕ್ಕೆ ತಂದುಕೊಂಡೆವು. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಒಬ್ಬರಿಗೆ 30 ಕೆ.ಜಿ.ವರೆಗೆ ಲಗೇಜು ಉಚಿತ. ಹಿಂದಿನ ವಾರ ನಾನು, ಅಮ್ಮ ಸೇರಿ ನಾಲ್ಕು ಸಲ ಪಾತ್ರೆ, ಬಟ್ಟೆ, ನನ್ನ ಪುಸ್ತಕಗಳನ್ನು ಚೀಲ ಕಟ್ಟಿ ಬಸ್ಸಿನಲ್ಲೇ ಸಾಗಿಸಿದೆವು. ಇಲ್ಲದಿದ್ದರೆ ಗಾಡಿ ಎರಡು ಟ್ರಿಪ್ ಹೊಡೆಯಬೇಕಿತ್ತು.

ಸರ್ಕಾರ ದರ ನಿಗದಿ ಮಾಡಬಾರದೇ?

ಪ್ರಯಾಣಿಕರ ಆಟೋಗೆ ಮೀಟರ್ ಇದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18 ಎಂದು ನಿಗದಿಯಾಗಿದೆ. ಮೋಟಾರು ವಾಹನ ಕಾಯ್ದೆಯ 67ನೇ ಕಲಂ ಸರಕು ವಾಹನದ ಬಾಡಿಗೆಯ ಬಗ್ಗೆಯೂ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟಿದೆ. ಹಾಗಾದರೆ ಇದಕ್ಕೂ ದರ ಗೊತ್ತು ಮಾಡಲಿ ಎಂಬುದು ಸಹಜವಾದ ಬೇಡಿಕೆ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆದರೆ ಲೆಕ್ಕ ಬರೆದ ಮೇಲೆ ಅನುಮಾನ ಶುರುವಾಯಿತು. ಕಿಲೋಮೀಟರಿಗೆ ಇಷ್ಟು ಎಂದು ಕಟ್ಟಿದರೆ ನಮ್ಮ ಹತ್ತು ಕಿಲೋಮೀಟರಿಗೆ ಬರುವುದು ಕೆಲವು ನೂರು ರೂಪಾಯಿ. ಐದು ಗಂಟೆ ಗಾಡಿ ನಿಲ್ಲಿಸಿಕೊಂಡದ್ದಕ್ಕೆ ಆ ದರದಲ್ಲಿ ಯಾರೂ ಬರುವುದಿಲ್ಲ. ಮೀಟರ್ ಹಾಕದ ಆಟೋಗಳನ್ನು ನಾವೆಲ್ಲ ನೋಡಿದ್ದೇವಲ್ಲ, ಇದೂ ಹಾಗೇ ಆಗುತ್ತದೆ.

ಮಹಾನಗರಗಳಲ್ಲಿ ಆ್ಯಪ್‌ಗಳು ಇನ್ನೊಂದು ದಾರಿ ತೋರಿಸಿವೆ. ಬುಕ್ ಮಾಡುವ ಮೊದಲೇ ದರ ಕಾಣಿಸುತ್ತದೆ, ಒಂದು ಬಾಡಿಗೆ ಮುಗಿದ ಜಾಗದಲ್ಲೇ ಇನ್ನೊಂದು ಸಿಗುವ ಸಾಧ್ಯತೆ ಇರುತ್ತದೆ, ಗಾಡಿ ಖಾಲಿ ಬರುವುದು ಕಡಿಮೆಯಾಗುತ್ತದೆ. ಬದಲಿಗೆ ಚಾಲಕ ಕಮಿಷನ್ ಬಿಟ್ಟುಕೊಡಬೇಕು. 2025ರಲ್ಲಿ ಬಂದ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಸರಕು ಸಾಗಣೆಯ ಆ್ಯಪ್‌ಗಳನ್ನೂ ಒಳಗೊಂಡಿದೆ. ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಆದರೆ ಮರದಡಿಯ ಸ್ಟ್ಯಾಂಡಿನಲ್ಲಿ ನಿಂತು, ಗಾಜಿನ ಮೇಲೆ ಫೋನ್ ನಂಬರ್ ಬರೆಸಿಕೊಂಡ ನಮ್ಮ ಗಾಡಿಯವರಿಗೆ ಆ್ಯಪ್ಪೂ ಇಲ್ಲ, ಆ ಶುಲ್ಕವೂ ಇಲ್ಲ.

ನನಗನ್ನಿಸುವಂತೆ ಬೇಕಾಗಿರುವುದು ಒಂದು ಬೋರ್ಡು. ಸ್ಟ್ಯಾಂಡಿನಲ್ಲಿ ಚಾಲಕರ ಸಂಘವೇ, ನಗರಸಭೆಯೋ ಆರ್‌ಟಿಒ ಕಚೇರಿಯೋ ಜೊತೆ ನಿಂತು, ನಾಲ್ಕು ಸಾಲು ಬರೆಸಲಿ. ಮೊದಲ ಎರಡು ಗಂಟೆಗೆ ಇಷ್ಟು, ಆಮೇಲೆ ಗಂಟೆಗೆ ಇಷ್ಟು. ಹತ್ತು ಕಿಲೋಮೀಟರ್ ದಾಟಿದರೆ ಕಿಲೋಮೀಟರಿಗೆ ಇಷ್ಟು. ಏರಿಸಿ ಇಳಿಸುವವರಿಗೆ ಒಬ್ಬರಿಗೆ ಇಷ್ಟು. ಒಂದು ಮಹಡಿಗೆ ಇಷ್ಟು. ವಾರದ ದಿನಕ್ಕೆ ಬೇರೆ, ತಿಂಗಳ ಕೊನೆಗೆ ಬೇರೆ ಇದ್ದರೂ ಸರಿ, ಆದರೆ ಬರೆದಿರಲಿ. ನಮ್ಮ ಮನೆಯ ಜಗಳವೂ ಮೂರು ಸಾವಿರದ್ದಾಗಿರಲಿಲ್ಲ. ಮೊದಲೇ ಹೇಳದ ಸಾವಿರದ ಮುನ್ನೂರರದ್ದು. ಹೇಳಿದ್ದರೆ ಅಣ್ಣನ ಗೆಳೆಯರನ್ನು ಕರೆದು ಸಾಮಾನು ನಾವೇ ಹೊರುತ್ತಿದ್ದೆವು. ಗಾಡಿಯವರನ್ನು ಕೇಳಿದರೆ, “ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ” ಎಂದರು. ಅದೂ ನಿಜವೇ.

ನಾವು ಮಾಡಬಹುದಾದದ್ದು

ಕಾಲೇಜು ಮುಗಿಸಿ ಕೆಲಸಕ್ಕೆಂದು ಊರು ಬಿಡುವ, ಪಿಜಿಯಿಂದ ರೂಮಿಗೆ, ರೂಮಿನಿಂದ ಮನೆಗೆ ಬದಲಾಯಿಸುವ ನಮ್ಮ ವಯಸ್ಸಿನವರಿಗೆ ಈ ಖರ್ಚು ತಪ್ಪಿದ್ದಲ್ಲ. ನಾನು ಕಲಿತದ್ದನ್ನು ಹೇಳುತ್ತೇನೆ.

ಮನೆ ಮಾಲೀಕರ ಹತ್ತಿರ ಬಾಡಿಗೆ ಚೌಕಾಸಿ ಮಾಡುವಾಗ ತಾರೀಖನ್ನೂ ಚೌಕಾಸಿ ಮಾಡಿ. ಐದಾರು ದಿನ ಮುಂಚೆ ಬೀಗದ ಕೈ ಕೊಟ್ಟರೆ ವಾರದ ಮಧ್ಯೆ ಹೋಗಬಹುದು. ನಮ್ಮಲ್ಲಿ ಆ ವ್ಯತ್ಯಾಸ ಸಾವಿರದ ಮೇಲಿತ್ತು. ಗಾಡಿಯವರಿಗೆ “ಒಂದು ಸಂಸಾರದ ಸಾಮಾನು” ಎನ್ನಬೇಡಿ. ಬೀರು, ಮಂಚ, ಫ್ರಿಜ್ಜು ಎಂದು ಪಟ್ಟಿ ಮಾಡಿ, ಫೋಟೊ ಕಳಿಸಿ, ಯಾವ ಮಹಡಿ, ಗಾಡಿ ಬಾಗಿಲವರೆಗೆ ಬರುತ್ತದೋ ಇಲ್ಲವೋ ಎಲ್ಲ ಹೇಳಿ, ಒಟ್ಟು ಎಷ್ಟು ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಹಳದಿ ಬೋರ್ಡಿನ ಗಾಡಿಯನ್ನೇ ಕರೆಯಿರಿ. ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಓಡುವಂತಿಲ್ಲ, ದಾರಿಯಲ್ಲಿ ತಡೆದರೆ ನಿಮ್ಮ ಸಾಮಾನೂ ನಿಲ್ಲುತ್ತದೆ. ಫ್ರಿಜ್ಜು ಹಿಡಿದುಕೊಳ್ಳಲು ಹಿಂದೆ ಕೂರುತ್ತೇನೆ ಎಂದ ಅಣ್ಣನನ್ನು ನಮ್ಮ ಗಾಡಿಯವರು ಕೂರಿಸಲಿಲ್ಲ. ಅವರು ಮಾಡಿದ್ದೇ ಸರಿ. ಸಾಮಾನಿನ ಗಾಡಿಯ ಹಿಂಭಾಗ ಜನರಿಗಲ್ಲ.

ದೂರದ ಊರಿಗೆ ಹೋಗುವುದಾದರೆ ವಾಪಸ್ ಖಾಲಿ ಹೋಗುವ ಗಾಡಿ ಹುಡುಕಿ. ಶಿವಮೊಗ್ಗದ ಮಂಡಿಗೆ, ಅಂಗಡಿಗಳಿಗೆ ಬೆಂಗಳೂರಿನಿಂದ ಸರಕು ತಂದ ಗಾಡಿಗಳು ಮರಳುವಾಗ ಹೊರೆ ಹುಡುಕುತ್ತಿರುತ್ತವೆ. ಮುಂಗಡ ಪೂರ್ತಿ ಕೊಡಬೇಡಿ. ರಸೀತಿ ಇಲ್ಲದೆ ಸಾಮಾನು ಕೊಡಬೇಡಿ. ಅರ್ಧ ದಾರಿಯಲ್ಲಿ ಹೆಚ್ಚು ಹಣ ಕೇಳಿ ಸಾಮಾನು ಹಿಡಿದಿಟ್ಟುಕೊಂಡರೆ ಅದು ಸೇವಾ ನ್ಯೂನತೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಲು ಶುಲ್ಕವಿಲ್ಲ.

ಮತ್ತೊಂದು ಮಾತು. ಚೌಕಾಸಿ ಮಾಡಿ, ಆದರೆ ಗಾಡಿಯವರ ಹತ್ತಿರ ಮಾಡಿ, ಹೊರುವ ಹುಡುಗರ ಹತ್ತಿರ ಬೇಡ. ಸಾಧ್ಯವಾದರೆ ಅವರ ಹೆಸರು ಕಾರ್ಮಿಕ ಇಲಾಖೆಯ ಯೋಜನೆಗಳಲ್ಲಿ ನೋಂದಾಯಿಸಲು ಅರ್ಧ ಗಂಟೆ ಕೊಡಿ. ಅರ್ಜಿ ತುಂಬುವುದು ನಮಗೆ ಅಭ್ಯಾಸವಾದ ಕೆಲಸ ತಾನೆ?

ಹೊಸ ಮನೆಗೆ ಬಂದು ಎರಡು ತಿಂಗಳಾಯಿತು. ಅಮ್ಮ ಈಗ ನಡೆದೇ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಒಂದು ಗಂಟೆ ಉಳಿಯುತ್ತದೆ, ಸೊಂಟ ನೋವು ಕಡಿಮೆಯಾಗಿದೆ ಎನ್ನುತ್ತಾಳೆ. ಆ ನಾಲ್ಕು ಸಾವಿರದ ಮುನ್ನೂರು ದಂಡ ಆಗಲಿಲ್ಲ. ಮೊನ್ನೆ ಗಾಡಿಯವರು ಹೆದ್ದಾರಿ ಪಕ್ಕ ಸಿಕ್ಕಿದ್ದರು. ಆಷಾಢ, ಗಾಡಿ ಖಾಲಿ ನಿಂತಿತ್ತು. ಅವರ ಅಪಘಾತ ಯೋಜನೆಯ ಅರ್ಜಿಯನ್ನು ಅಂದೇ ನನ್ನ ಫೋನಿನಲ್ಲಿ ತುಂಬತೊಡಗಿದೆವು. ಲೈಸೆನ್ಸಿನ ಪ್ರತಿ ಬೇಕಿತ್ತು, ಮನೆಯಲ್ಲಿದೆ, ನಾಳೆ ತರುತ್ತೇನೆ ಎಂದರು. “ಮತ್ತೆ ಮನೆ ಬದಲಿಸೋದಾದ್ರೆ ಹೇಳಿ ತಂಗಿ” ಎಂದು ನಕ್ಕರು. ಹೇಳುತ್ತೇನೆ. ಮುಂದಿನ ಸಲ ಬುಧವಾರ.